ಜಾತ್ರೆಯೂ ರಂಗವೂ: ಹಾವೇರಿ, ರಾಣಿಬೆನ್ನೂರು, ಬ್ಯಾಡಗಿಗಳ ಸೀಮೆಯ ಉತ್ಸವಕಲೆಗಳನ್ನು ಕುರಿತು ಒಂದು ವಿಚಾರ

ಉತ್ತರ ಕರ್ನಾಟಕದ ನಾಟಕಕಲೆಯ ಚರಿತ್ರೆಯನ್ನು ಕುರಿತು ಬರೆದವರಲ್ಲಿ ಹಲವರು ಒಂದು ಮಾತನ್ನು ಸಿದ್ಧಾಂತವೆಂಬಂತೆ ಹೇಳುತ್ತ ಬಂದಿರುವರು. ಪುಣೆ, ಮುಂಬಯಿ ಮೊದಲಾದ ಪಟ್ಟಣಗಳಲ್ಲಿ ಬೆಳೆದ ಮರಾಠಿ ರಂಗಭೂಮಿಯು ಧಾರವಾಡ ಜಿಲ್ಲೆಯ ಊರುಗಳಿಗೆ ಬಂದಿತು. ಅದನ್ನು ನೋಡಿ ಕನ್ನಡಿಗರು ತಮ್ಮ ಮಂಡಳಿಗಳನ್ನು ಕಟ್ಟಿಕೊಂಡರು. ಆದುದರಿಂದ ನಮ್ಮ ನಾಟಕವು ತಂದು ನೆಟ್ಟ ಸಸಿಯೇ ಹೊರತು ಈ ಮಣ್ಣಿನಲ್ಲಿ ಮೊಳೆತದ್ದಲ್ಲ ಎಂಬದೇ ಆ ಮಾತು. ಇದರಲ್ಲಿ ಸತ್ಯಾಂಶವು ಇಲ್ಲದಿಲ್ಲ. ಆದರೆ ಅರ್ಧ ಸತ್ಯವನ್ನು ಪೂರ್ಣ ಸತ್ಯವೆಂದು ಎಣಿಸಿದರೆ ಆಗುವ ಹಾನಿಯು ಇಲ್ಲಿಯೂ ಆಗಿರುವದು. ಊರೂರಿನ ಜಾತ್ರೆಗಳಲ್ಲಿ ಬಿಡಾರ ಹೂಡುತ್ತಿದ್ದ ನಾಟಕದ ಡೇರೆಗಳು ಈಗ ವಿರಳವಾಗಿವೆ. ಬಂದ ಅತಿಥಿಯು ಹೊರಟುಹೋದನೆಂದು ಸುಮ್ಮನಿರಬೇಕೋ, ಮನೆಯ ಮಗನು ಹೋಗುತ್ತಿರುವನೆಂದು ಕಳವಳಪಡಬೇಕೋ ಎಂಬದು ಮೇಲಿನ ಪ್ರಶ್ನೆಗೆ ನಾವು ಕೊಡುವ ಉತ್ತರದ ಮೇಲೆಯೇ ನಿಂತಿರುವದು. ಆ ಕಾರಣ ಹಾವೇರಿ, ರಾಣಿಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಸುತ್ತಲಿನ ಸೀಮೆಯನ್ನು ಹಿಡಿದು ಈ ವಿಷಯವನ್ನು ತುಸು ವಿಚಾರಿಸಬೇಕೆಂದಿರುವೆನು.

ಮೊದಲು ಸೀಮೆಯ ಸ್ವರೂಪವನ್ನು ನೋಡುವಾ. ವರದೆ, ತುಂಗಭದ್ರೆ, ಕುಮುದ್ವತಿ, ಧರ್ಮಾ ಎಂಬ ಹೊಳೆಗಳು ಹರಿಯುವ ಈ ನಾಡು ಮಲೆನಾಡಿನ ಸೆರಗನ್ನೂ ಬಯಲುಸೀಮೆಯ ಎರೆಯ ಹೊಲವನ್ನೂ ಒಟ್ಟಿಗೆ ಪಡೆದಿರುವದು. 1956ರ ನವೆಂಬರ 1ರ ವರೆಗೆ ಇದು ಮುಂಬಯಿ ಆಡಳಿತಕ್ಕೆ ಸೇರಿದ ಧಾರವಾಡ ಜಿಲ್ಲೆಯ ದಕ್ಷಿಣದ ತುದಿಯಾಗಿದ್ದಿತು. 1997ರಲ್ಲಿ ಹಾವೇರಿಯು ಪ್ರತ್ಯೇಕ ಜಿಲ್ಲೆಯಾಯಿತು. ಹತ್ತಿ, ಜೋಳ, ಮೆಣಸಿನಕಾಯಿ ಇಲ್ಲಿಯ ಬೆಳೆಗಳು. ಬ್ಯಾಡಗಿಯ ಮೆಣಸಿನಕಾಯಿಯ ಕೀರ್ತಿಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿರುವದು. ಈ ಬೆಳೆಗಳ ಮಾತನ್ನು ಇಲ್ಲಿ ತೆಗೆದುದಕ್ಕೆ ಕಾರಣವಿದೆ. ಒಕ್ಕಲುತನದ ನಾಡಿನಲ್ಲಿ ಕಲೆಯ ಪಂಚಾಂಗವನ್ನು ಬರೆಯುವವನು ಜೋಯಿಸನಲ್ಲ, ಒಕ್ಕಲಿಗನು. ಸುಗ್ಗಿಯಾಗಿ ಕಣದ ಕೆಲಸವು ತೀರಿ, ಪೇಟೆಯಿಂದ ನಾಲ್ಕು ಕಾಸು ಕೈಗೆ ಬಂದ ಮೇಲೆಯೇ ತೇರು, ಜಾತ್ರೆ, ಆಟ, ಪಾಟ. ಹಾವೇರಿಯ ಹುಕ್ಕೇರಿಮಠದ ಜಾತ್ರೆಯನ್ನೂ ಹಳ್ಳಿಹಳ್ಳಿಯ ಬಸವಣ್ಣ, ವೀರಭದ್ರ, ದ್ಯಾಮವ್ವರ ಜಾತ್ರೆಗಳನ್ನೂ ಒಂದು ಪಟ್ಟಿಯಲ್ಲಿ ಬರೆದು ನೋಡಿದರೆ, ಅವುಗಳಲ್ಲಿ ಬಹುಭಾಗವು ಪುಷ್ಯದಿಂದ ವೈಶಾಖದ ವರೆಗಿನ ಬಿಡುವಿನ ತಿಂಗಳುಗಳಲ್ಲಿಯೇ ಬೀಳುವದು ಕಂಡುಬರುವದು.

ಈ ಸೀಮೆಯಲ್ಲಿ ದೇವರ ಉತ್ಸವಕ್ಕೂ ಕಲಾವಿದರ ಜೀವನಕ್ಕೂ ಇರುವ ನಂಟು ಬಹಳ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳಿಗಾಗಿ ಭೂಮಿಯನ್ನು ಬಿಟ್ಟ ಒಕ್ಕಣೆಯು ಮತ್ತೆ ಮತ್ತೆ ಬರುವದನ್ನು ಶಾಸನಗಳ ಪರಿಚಯವುಳ್ಳವರೆಲ್ಲರೂ ಬಲ್ಲರು. ಅಂಗಭೋಗವೆಂದರೆ ಅಭಿಷೇಕ, ಅಲಂಕಾರ, ನೈವೇದ್ಯಾದಿಗಳು. ರಂಗಭೋಗವೆಂದರೆ ದೇವರ ಮುಂದಿನ ರಂಗದಲ್ಲಿ ನಡೆಯುವ ಗೀತ, ವಾದ್ಯ, ನೃತ್ಯಗಳು. ದೀಪದ ಎಣ್ಣೆಯಷ್ಟೇ ಮದ್ದಳೆಯವನ ಹೊಟ್ಟೆಯ ಚಿಂತೆಯೂ ದಾನಿಗೆ ಇದ್ದಿತೆಂಬದು ಇದರಿಂದ ಸ್ಪಷ್ಟವಾಗುವದು. ಹಾವೇರಿಯ ಸಿದ್ಧೇಶ್ವರ, ರಟ್ಟೀಹಳ್ಳಿಯ ಕದಂಬೇಶ್ವರ, ತುಂಗಭದ್ರೆಯ ದಂಡೆಯ ಗಳಗನಾಥ, ರಾಣಿಬೆನ್ನೂರು ತಾಲೂಕಿನ ಚೌಡದಾನಪುರದ ಮುಕ್ತೇಶ್ವರ ಈ ಗುಡಿಗಳ ಮಂಟಪಗಳನ್ನು ನೋಡಿದವರಿಗೆ, ನಡುವಿನ ಅಂಕಣವು ಬರಿದೆ ಜನರು ನಿಲ್ಲಲಿಕ್ಕೆಂದು ಕಟ್ಟಿದ್ದಲ್ಲವೆಂದು ತೋರದಿರದು. ಆ ವ್ಯವಸ್ಥೆಯು ಕಾಲಕ್ರಮದಲ್ಲಿ ಕುಸಿಯಿತು. ಗುಡಿಯ ಭೂಮಿಯನ್ನುಂಡು ಕುಣಿಯುತ್ತಿದ್ದವರ ಸ್ಥಾನದಲ್ಲಿ ಊರವರ ಕಾಣಿಕೆಯನ್ನು ನಂಬಿ ಕುಣಿಯುವವರು ಉಳಿದರು. ಪುರವಂತರು, ಗೊರವರು, ಡೊಳ್ಳಿನವರು, ಕರಡಿಮಜಲಿನವರು, ದೊಡ್ಡಾಟದವರು ಇವರೆಲ್ಲ ಈ ಎರಡನೆಯ ಬಗೆಯವರು.

ಇವುಗಳಲ್ಲಿ ರಾಣಿಬೆನ್ನೂರು ತಾಲೂಕಿನ ದೇವರಗುಡ್ಡದ ದಸರೆಯು ವಿಶೇಷ ವಿಚಾರಕ್ಕೆ ಯೋಗ್ಯವಾಗಿರುವದು. ಗುಡ್ಡಗುಡ್ಡಾಪುರವೆಂಬ ಹೆಸರೂ ಉಳ್ಳ ಈ ಊರಿನ ಗುಡ್ಡದ ಮೇಲೆ ಮಾಲತೇಶನ, ಅಂದರೆ ಮೈಲಾರಲಿಂಗನ ಗುಡಿಯಿದೆ. ಮಹಾನವಮಿಯ ಆಯುಧಪೂಜೆಯ ದಿವಸ ಇಲ್ಲಿ ಕಾರ್ಣಿಕವು ನುಡಿಯಲ್ಪಡುವದು. ಕರಿಯ ಕಂಬಳಿಯ ನಿಲುವಂಗಿ, ತಲೆಯ ಮೇಲೆ ಕರಡಿಯ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ, ಹಣೆಗೆ ಭಂಡಾರ, ಇದು ಗೊರವರ ವೇಷ. ಅವರು ಗುಂಪುಗೂಡಿ ಏಳುಕೋಟಿಯ ಕೂಗನ್ನು ಹಾಕುತ್ತ ಕುಣಿಯುತ್ತ ಬರುವರು. ಉಪವಾಸ ವ್ರತದಿಂದಿದ್ದ ಗೊರವನೊಬ್ಬನು ಎತ್ತಿ ನಿಲ್ಲಿಸಿದ ಬಿಲ್ಲನ್ನು ಏರುವನು. ಅಷ್ಟು ಹೊತ್ತು ಸಮುದ್ರದಂತೆ ಮೊರೆಯುತ್ತಿದ್ದ ಜನಸ್ತೋಮವು ಸದ್ದಡಗಿಸುವ ಕೂಗೊಂದು ಕೇಳಿದೊಡನೆ ಉಸಿರನ್ನೂ ಹಿಡಿದು ನಿಲ್ಲುವದು. ಬಿಲ್ಲಿನ ಮೇಲಿನವನು ಒಂದೇ ಒಂದು ಮಾತನ್ನಾಡಿ ಮೇಲಿಂದ ಬಿದ್ದುಬಿಡುವನು; ಕೆಳಗಿನವರು ಅವನನ್ನು ಹಿಡಿದುಕೊಳ್ಳುವರು. ಅಲ್ಲಿಗೆ ಮುಗಿಯಿತು. ತುಂಗಭದ್ರೆಯ ಆಚೆಯ ದಂಡೆಯಲ್ಲಿ, ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಇದೇ ವಿಧಿಯು ಭರತಹುಣ್ಣಿವೆಯ ಜಾತ್ರೆಯಲ್ಲಿ ನಡೆಯುವದು.

ಭಕ್ತಿಯ ದೃಷ್ಟಿಯಿಂದ ಇದು ದೇವವಾಣಿಯು. ಆ ವಿಷಯದಲ್ಲಿ ನಾನು ಏನನ್ನೂ ಹೇಳಲಾರೆನು. ರಂಗಕಲೆಯ ದೃಷ್ಟಿಯಿಂದ ನೋಡಿದರೆ, ಒಬ್ಬನೇ ಪಾತ್ರಧಾರಿ, ಒಂದೇ ಮಾತು, ಒಂದೇ ಪತನವುಳ್ಳ ಇಷ್ಟು ಸಂಕ್ಷಿಪ್ತವಾದ ಮತ್ತೊಂದು ನಾಟಕವನ್ನು ನಾನು ಅರಿಯೆನು. ಇದರ ಅರ್ಥಾಂಕವನ್ನು ನಡೆಸುವವರು ಪ್ರೇಕ್ಷಕರು. ಮಳೆ ಬೆಳೆಯ ವಿಷಯವೆಂದು ಒಕ್ಕಲಿಗನು, ಧಾರಣೆಯ ವಿಷಯವೆಂದು ಪೇಟೆಯವನು, ಮಂತ್ರಿಮಂಡಲದ ವಿಷಯವೆಂದು ರಾಜಕಾರಣದವನು ಆ ಮಾತಿಗೆ ಅರ್ಥವನ್ನು ಹೇಳಿಕೊಳ್ಳುತ್ತ ಮನೆಗೆ ಮರಳುವರು. ಆ ಚರ್ಚೆಯು ಮುಂದಿನ ದಸರೆಯ ವರೆಗೂ ಮುಗಿಯುವದಿಲ್ಲ. ಜಾತ್ರೆಗೆ ಬಂದ ಜನರನ್ನು ನಮ್ಮ ಲೇಖಕರು ಮೂಕಪ್ರೇಕ್ಷಕರೆಂದು ತಿಳಿಯುವದುಂಟು. ಸಾವಿರಾರು ಜನರು ಒಂದು ಕ್ಷಣದಲ್ಲಿ ನಿಶ್ಶಬ್ದರಾಗಲಿಕ್ಕೆ ಕಲಿತಿರುವಲ್ಲಿ, ಒಂದು ಮಾತಿಗೆ ಹತ್ತು ಅರ್ಥಗಳನ್ನು ತೂಗಿ ನೋಡಬಲ್ಲಲ್ಲಿ, ನಾಟಕವನ್ನು ನೋಡುವ ಶಿಕ್ಷಣವು ಹೊರಗಿನಿಂದ ಬರಬೇಕಾಗಿರಲಿಲ್ಲವೆಂದು ನನ್ನ ಮತವು.

ಇನ್ನೊಂದು ಸಣ್ಣ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವೆನು. ಮಹಾರಾಷ್ಟ್ರದ ಜೆಜೂರಿಯಲ್ಲಿ ಖಂಡೋಬನ ಭಕ್ತರು ಭಂಡಾರವನ್ನು ತೂರುತ್ತ ಹಾಕುವ ಘೋಷದಲ್ಲಿ ‘ಯೇಳಕೋಟ’ ಎಂಬ ಶಬ್ದವಿರುವದು. ಅದು ನಮ್ಮ ಗೊರವರ ಏಳುಕೋಟಿಯೇ ಎಂಬದರಲ್ಲಿ ಸಂಶಯಕ್ಕೆ ಎಡೆ ಕಡಿಮೆ. ಏಳು ಎಂಬ ಎಣಿಕೆಯು ಮರಾಠಿಯದಲ್ಲ. ಎರಡು ಭಾಷೆಗಳ ನಡುವೆ ಕೊಡುಕೊಳ್ಳುವಿಕೆಯು ಒಂದೇ ದಿಕ್ಕಿಗೆ ಹರಿದ ಹೊಳೆಯಲ್ಲವೆಂಬದಕ್ಕೆ ಇದು ಒಂದು ಸಾಕ್ಷಿಯು. ನಾಟಕದ ವಿಷಯದಲ್ಲಿ ಇದಕ್ಕಿಂತ ಬಲವಾದ ಸಾಕ್ಷಿಯಿದೆ.

ಸಾಂಗಲಿಯ ಸಂಸ್ಥಾನಿಕರಾದ ಚಿಂತಾಮಣರಾವ ಪಟವರ್ಧನರ ಮುಂದೆ 1842ರಲ್ಲಿ ಭಾಗವತರ ಮೇಳವೊಂದು ಆಟವನ್ನಾಡಿತು. ಆ ಮೇಳದವರು ನಮ್ಮ ಕಡಲ ಕರೆಯ ಹೊನ್ನಾವರದ ಬಳಿಯ ಕರ್ಕಿಯವರು. ಅದನ್ನು ಕಂಡ ಸಂಸ್ಥಾನಿಕರು ತಮ್ಮ ಆಶ್ರಿತನಾದ ವಿಷ್ಣುದಾಸ ಭಾವೆಗೆ, ಅಂಥದನ್ನೇ ಇನ್ನೂ ತಿದ್ದಿ ಮರಾಠಿಯಲ್ಲಿ ಮಾಡಿಕೊಡಬೇಕೆಂದು ಅಪ್ಪಣೆಯಿತ್ತರು. 1843ರಲ್ಲಿ ಭಾವೆಯ ‘ಸೀತಾಸ್ವಯಂವರ’ವು ಆಡಲ್ಪಟ್ಟಿತು. ಮರಾಠಿಗರು ತಮ್ಮ ರಂಗಭೂಮಿಯ ಜನ್ಮದಿನವನ್ನು ಎಣಿಸುವದು ಇದರಿಂದಲೇ. ಹತ್ತು ವರ್ಷಗಳ ಮೇಲೆ, 1853ರಲ್ಲಿ, ಭಾವೆಯ ಮಂಡಳಿಯು ಮುಂಬಯಿಗೆ ಹೋಗಿ ಅಲ್ಲಿ ಗ್ರಾಂಟ ರೋಡಿನ ನಾಟಕಗೃಹದಲ್ಲಿ ಆಡಿತು. ಮುಂದೆ 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿ ಸಂಗೀತ ನಾಟಕಕ್ಕೆ ಹೊಸ ಮಾರ್ಗವನ್ನು ಹಾಕಿಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಸಹ ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಹೀಗಿರುವಲ್ಲಿ, ಧಾರವಾಡ, ಹುಬ್ಬಳ್ಳಿ, ಹಾವೇರಿಗಳಿಗೆ ಮರಾಠಿ ಮಂಡಳಿಗಳ ಗಂಟುಮೂಟೆಗಳಲ್ಲಿ ಬಂದುದರೊಳಗೆ ನಮ್ಮದೇ ಒಂದು ಪಾಲು ತಿರುಗಿ ಬಂದಿತೆಂದು ಹೇಳಿದರೆ ತಪ್ಪಾಗದು.

ಆದರೆ ಪಕ್ಷಪಾತವು ಸಂಶೋಧಕನಿಗೆ ಸಲ್ಲದು. ಕರ್ಕಿಯ ಮೇಳವು ಕೊಟ್ಟದ್ದು ಪ್ರೇರಣೆಯನ್ನು. ಭಾವೆ, ಕಿರ್ಲೋಸ್ಕರರು ಅದರ ಮೇಲೆ ಕಟ್ಟಿದ ಕಟ್ಟಡವು ಅವರದೇ. ಚಿತ್ರದ ಪರದೆ, ಹಿಂದುಸ್ತಾನಿ ರಾಗದ ಪದ್ಯಗಳು, ಮಂಡಳಿಯ ಲೆಕ್ಕಪತ್ರದ ಶಿಸ್ತು ಇವು ನಮಗೆ ಆ ಕಡೆಯಿಂದಲೇ ಬಂದವು. ಇದನ್ನು ಅಲ್ಲಗಳೆಯುವವನು ನಾನಲ್ಲ. ನನ್ನ ತಕರಾರು ಏನಿದ್ದರೂ, ಬಂದುದನ್ನು ಇಟ್ಟುಕೊಂಡ ಪಾತ್ರೆಯು ಯಾರದೆಂಬದನ್ನು ವಿಚಾರಿಸದೆ ಬಿಟ್ಟವರ ಸಂಗಡ.

ಈ ಸಂದರ್ಭದಲ್ಲಿ ಶಾಂತಕವಿಗಳ ಹೆಸರು ಬರುವದು ಅನಿವಾರ್ಯ. ಸಕ್ಕರಿ ಬಾಳಾಚಾರ್ಯರೆಂಬ ಈ ಮಹನೀಯರು 1856ರಲ್ಲಿ ಹುಟ್ಟಿದ್ದು ಈಗಿನ ಹಾವೇರಿ ಜಿಲ್ಲೆಯ ಸಾತೇನಹಳ್ಳಿಯಲ್ಲಿ. ಸಾತೇನಹಳ್ಳಿಯ ಶಾಂತೇಶ, ಬ್ಯಾಡಗಿ ತಾಲೂಕಿನ ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ ಈ ಮೂವರು ಹನುಮಂತರನ್ನು ಒಂದೇ ದಿನದಲ್ಲಿ ಕಂಡುಬರುವದು ಪುಣ್ಯವೆಂಬ ನಂಬಿಗೆಯು ಈ ಸೀಮೆಯಲ್ಲಿ ಇಂದಿಗೂ ಇದೆ. ಊರ ದೇವರ ಹೆಸರೇ ಕವಿಯ ಹೆಸರಿಗೂ ಮೂಲವಾಯಿತು. ಅವರು ವೃತ್ತಿಯಿಂದ ಸಾದಾ ಕನ್ನಡ ಶಾಲೆಯ ಮಾಸ್ತರರು. ಅವರು ಎಳೆಯರಾಗಿದ್ದಾಗ ಧಾರವಾಡ ಸೀಮೆಯ ಕಚೇರಿಗಳಲ್ಲಿಯೂ ದೊಡ್ಡವರ ಮನೆಗಳಲ್ಲಿಯೂ ಮರಾಠಿಯೇ ಮಾನದ ಭಾಷೆಯಾಗಿದ್ದಿತು. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ದುಡಿದುದೂ, 1890ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರು ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದುದೂ ಈ ಕಾರಣದಿಂದಲೇ. ಅಂಥ ಕಾಲದಲ್ಲಿ ಮರಾಠಿ ಆಟಗಳಿಗೆ ಕನ್ನಡಿಗರೇ ಮುಗಿಬೀಳುತ್ತಿದ್ದುದನ್ನು ಕಂಡು ಮನನೊಂದು, 1870ರ ದಶಕದಲ್ಲಿ ಗದುಗಿನಲ್ಲಿ ಅವರು ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ ಮೊದಲಾದ ನಾಟಕಗಳನ್ನು ರಚಿಸಿ ಆಡಿಸಿದರು. ಕೃತಪುರವೆಂಬದು ಗದುಗಿನ ಸಂಸ್ಕೃತ ಹೆಸರು. ಇಪ್ಪತ್ತು ವಯಸ್ಸಿನ ಆಚೀಚೆಯಲ್ಲಿದ್ದ ಶಾಲೆಯ ಮಾಸ್ತರನೊಬ್ಬನು, ರಾಜಾಶ್ರಯವಿಲ್ಲದೆ, ಧನಿಕನ ಗಂಟಿಲ್ಲದೆ ಮಾಡಿದ ಈ ಕೆಲಸವನ್ನು ಮರಾಠಿಯ ಅನುಕರಣವೆಂಬ ಒಂದೇ ಶಬ್ದದಲ್ಲಿ ಮುಗಿಸುವವರು ತುಸು ನಿಂತು ಯೋಚಿಸಬೇಕು. ಆತನು ಸೋತುಹೋದನೇ ಎಂದರೆ, ಮಂಡಳಿಯ ಮಟ್ಟಿಗೆ ಅಹುದು. ಅದು ಬಹುಕಾಲ ಬಾಳಲಿಲ್ಲ. ಆದರೆ ಕನ್ನಡ ಮಾತು ರಂಗದ ಮೇಲೆ ಶೋಭಿಸಲಾರದೆಂಬ ಭ್ರಮೆಯು ಅಲ್ಲಿಗೆ ಒಡೆಯಿತು. ಬಳಿಕ ಶಿರಹಟ್ಟಿಯ ಮಂಡಳಿ, ಕೊಣ್ಣೂರ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಹೀಗೆ ಒಂದರ ಬೆನ್ನಿಗೆ ಒಂದು ಎದ್ದುವು.

ಈ ಮಂಡಳಿಗಳನ್ನು ಸಾಕಿದವರು ಯಾರು? ಇದೇ ನನ್ನ ಮುಖ್ಯ ಪ್ರಶ್ನೆಯು. ಮುಂಬಯಿಯಂಥ ಕಡಲತಡಿಯ ಮಹಾನಗರದಲ್ಲಿ ಪ್ರೇಕ್ಷಕರು ವರ್ಷವೆಲ್ಲ ಅಲ್ಲಿಯೇ ಇರುವರು. ಗಿರಣಿಯೂ ಬಂದರವೂ ಕಚೇರಿಯೂ ಸಂಬಳವನ್ನು ತಿಂಗಳು ತಿಂಗಳಿಗೆ ಕೊಡುವವು. ಆದುದರಿಂದ ಅಲ್ಲಿ ಕಲ್ಲುಗಾರೆಯ ನಾಟಕಗೃಹವು ನಿಲ್ಲಬಲ್ಲದು, ಮಂಡಳಿಯು ಒಂದೆಡೆ ಬೇರೂರಬಲ್ಲದು. 1893ರ ತರುವಾಯ ಅಲ್ಲಿ ಬೆಳೆದ ಸಾರ್ವಜನಿಕ ಗಣೇಶೋತ್ಸವವು ಸಹ ಓಣಿ ಓಣಿಯ ನಿವಾಸಿಗಳ ಉತ್ಸವವೇ. ಹಾವೇರಿ, ಬ್ಯಾಡಗಿಗಳ ಸ್ಥಿತಿಯು ಹಾಗಲ್ಲ. ಇಲ್ಲಿ ಹಣವು ವರ್ಷಕ್ಕೊಮ್ಮೆ ಬರುವದು, ಜನವು ಜಾತ್ರೆಗೊಮ್ಮೆ ಕೂಡುವದು. ಕಟ್ಟಿದ ರಂಗಮಂದಿರವು ಇಲ್ಲಿ ಹತ್ತು ತಿಂಗಳು ಬೀಗ ಹಾಕಿಕೊಂಡಿರಬೇಕಾದೀತು. ಆದುದರಿಂದಲೇ ನಮ್ಮ ಮಂಡಳಿಯು ಡೇರೆಯನ್ನು ಹೊತ್ತು ತಿರುಗಿತು. ಪರದೆಯು ಮರಾಠಿಯದಾಗಿರಬಹುದು, ಆ ಪರದೆಯನ್ನು ಎಲ್ಲಿ, ಯಾವಾಗ, ಎಷ್ಟು ದಿವಸ ಕಟ್ಟಬೇಕೆಂಬದನ್ನು ಗೊತ್ತುಮಾಡಿದ್ದು ಜಾತ್ರೆಯು. ಬೆಳಗಾಗುವ ವರೆಗೆ ನಡೆಯುವ ಆಟದ ಅವಧಿಯು ಸಹ ದೊಡ್ಡಾಟದಿಂದ ಬಂದ ರೂಢಿಯೇ. ಹಳ್ಳಿಯಿಂದ ಚಕ್ಕಡಿ ಹೂಡಿಕೊಂಡು ಬಂದವನು ನಡುರಾತ್ರಿಯಲ್ಲಿ ಎಲ್ಲಿಗೆ ಹೋಗಬೇಕು?

ಇದಕ್ಕೆ ರೇಲ್ವೆಯು ಮಾಡಿದ ಸಹಾಯವು ಸಾಮಾನ್ಯವಾದುದಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯವರು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಾಕಿದ ಹಾದಿಯು ಹಾವೇರಿ, ಬ್ಯಾಡಗಿ, ರಾಣಿಬೆನ್ನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿಬಿಟ್ಟಿತು. ಹತ್ತಿಯ ಅಂಡಿಗೆಗಳೂ ಮೆಣಸಿನಕಾಯಿಯ ಚೀಲಗಳೂ ಹೋಗುವ ಹಾದಿಯಲ್ಲಿಯೇ ಪರದೆಗಳ ಸುರುಳಿಗಳೂ ಕಿರೀಟಗಳ ಪೆಟ್ಟಿಗೆಗಳೂ ಬಂದುವು. ಹರಿಹರದಾಚೆಗೆ ಮೈಸೂರು ಸೀಮೆ; ಅಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿಯ ಕಂಪನಿಯು. ಉತ್ತರದಿಂದ ಹಿಂದುಸ್ತಾನಿಯ ರಾಗ, ದಕ್ಷಿಣದಿಂದ ಮೈಸೂರಿನ ರಂಗಸಜ್ಜಿಕೆ; ಎರಡರ ಎಲ್ಲೆಯಲ್ಲಿರುವ ಈ ಸೀಮೆಯ ಪ್ರೇಕ್ಷಕನು ಎರಡನ್ನೂ ತೂಗಿನೋಡುವವನಾಗಿದ್ದಲ್ಲಿ ಆಶ್ಚರ್ಯವಿಲ್ಲ.

ಸಂಗೀತದ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಬಿಡಲಾಗದು. ರಾಣಿಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಹುಟ್ಟಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಒಬ್ಬ ಕುರುಡ ಬಾಲಕನು ಬೆಳೆದನು. ಇವರೇ ಮುಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944). ಹಾವೇರಿಯ ಬಳಿಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಅಂಧ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಅವರ ಉತ್ತರಾಧಿಕಾರಿಗಳಾಗಿ 2010ರ ವರೆಗೆ ಬಾಳಿದರು. ಅಂಧರಿಗೂ ಅನಾಥರಿಗೂ ಅನ್ನವನ್ನೂ ವಿದ್ಯೆಯನ್ನೂ ಕೊಡುವ ಆ ಆಶ್ರಮವು ತನ್ನದೇ ಒಂದು ನಾಟ್ಯಸಂಘವನ್ನು ಕಟ್ಟಿತು. ಆಟದ ಉತ್ಪನ್ನದಿಂದ ವಿದ್ಯಾರ್ಥಿಗಳ ಊಟವು ನಡೆಯಬೇಕೆಂಬದು ಅದರ ಉದ್ದೇಶವು. ಶಾಸನಕಾಲದ ರಂಗಭೋಗದಲ್ಲಿ ದಾನದಿಂದ ಕಲೆಯು ಬದುಕಿತು. ಇಲ್ಲಿ ಕಲೆಯಿಂದ ದಾನವು ನಡೆಯಿತು. ಈ ತಿರುವುಮುರುವನ್ನು ನಮ್ಮ ಇತಿಹಾಸಕಾರರು ಇನ್ನೂ ಸರಿಯಾಗಿ ಗಮನಿಸಿಲ್ಲವೆಂದು ತೋರುತ್ತದೆ. ಗಾಯಕರು ಸಂಗೀತಕ್ಕಾಗಿ ನಾಟಕವನ್ನು ಹಿಡಿದರೆಂದು ಬರೆಯುವದು ಸುಲಭ. ಅಡಿಗೆಮನೆಯ ಒಲೆಗಾಗಿ ಹಿಡಿದರೆಂಬದು ಹೆಚ್ಚು ನಿಜ.

ಶಿಗ್ಗಾಂವಿಯ ಕಡೆಯ ಶಿಶುನಾಳದ ಶರೀಫಸಾಹೇಬರ (1819–1889) ತತ್ತ್ವಪದಗಳೂ, ಮೊಹರಮ್ಮಿನ ಅಲಾಯಿಕುಣಿಯ ಸುತ್ತ ಹಿಂದೂ ಮುಸಲ್ಮಾನರು ಕೂಡಿ ಹಾಕುವ ಹೆಜ್ಜೆಮೇಳವೂ, ವೀರಭದ್ರನ ಪುರವಂತರ ಒಡಪುಗಳೂ ಒಂದೊಂದು ಬೇರೆ ಲೇಖನಕ್ಕೆ ಸಾಕಾಗುವಷ್ಟು ವಿಷಯವುಳ್ಳವು. ಅವನ್ನು ಇಲ್ಲಿ ಹೆಸರಿಸಿ ಬಿಡುವೆನು. ಆದರೆ ದೀಪಾವಳಿಯ ಹೋರಿಯ ಹಬ್ಬವನ್ನು ಕುರಿತು ಎರಡು ಮಾತು ಬೇಕು. ಬಲಿಪಾಡ್ಯದಿಂದ ಮೊದಲಾಗಿ ಹಾವೇರಿ, ಬ್ಯಾಡಗಿ, ರಾಣಿಬೆನ್ನೂರು, ಹಿರೇಕೆರೂರುಗಳ ಹಳ್ಳಿಗಳಲ್ಲಿ ಹೋರಿಗಳಿಗೆ ಜೂಲು, ಗೆಜ್ಜೆ, ಕೊಬ್ಬರಿ ಗಿಟುಕಿನ ಹಾರಗಳನ್ನು ಕಟ್ಟಿ ಜನರ ನಡುವೆ ಓಡಿಸುವರು. ಎದೆಗಾರರಾದ ತರುಣರು ಆ ಕೊಬ್ಬರಿಯನ್ನು ಹರಿಯಬೇಕು. ಹರಿಯಗೊಡದೆ ಓಡಿಹೋದ ಹೋರಿಯೇ ಗೆದ್ದದ್ದು. ಒಂದೊಂದು ಹೋರಿಗೂ ಬಿರುದಿನಂಥ ಹೆಸರುಂಟು, ಅಭಿಮಾನಿಗಳ ಗುಂಪುಂಟು. ಇದು ಆಟವೋ ಹಿಂಸೆಯೋ ಎಂಬ ವಾದವು ನ್ಯಾಯಾಲಯಗಳ ವರೆಗೂ ಹೋಯಿತು. 2017ರಲ್ಲಿ ಕರ್ನಾಟಕವು ಪ್ರಾಣಿಹಿಂಸೆಯ ಕಾಯಿದೆಗೆ ತಿದ್ದುಪಡಿಯನ್ನು ಮಾಡಿ ಕಂಬಳಕ್ಕೂ ಹೋರಿಗಳ ಓಟಕ್ಕೂ ಆಸ್ಪದವನ್ನಿತ್ತಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಅದನ್ನು ಎತ್ತಿಹಿಡಿಯಿತು. ಈ ಸೀಮೆಯ ಊರೂರಿನಲ್ಲಿ ನಿಂತಿರುವ ತುರುಗೋಳಿನ ವೀರಗಲ್ಲುಗಳನ್ನು ಈ ಹಬ್ಬದ ಮೂಲವೆಂದು ತೋರಿಸುವ ಉತ್ಸಾಹಿಗಳಿದ್ದಾರೆ. ಕಲ್ಲಿನ ಮೇಲಿನ ದನಕ್ಕೂ ಅಖಾಡದ ಹೋರಿಗೂ ನಡುವೆ ಏಳೆಂಟು ನೂರು ವರ್ಷಗಳ ಮೌನವಿರುವಾಗ ಅಷ್ಟು ಧೈರ್ಯವು ನನಗಿಲ್ಲ. ಪ್ರಾಚೀನತೆಯನ್ನು ಸಾಧಿಸಿದ ಮಾತ್ರಕ್ಕೆ, ತಿವಿತಕ್ಕೆ ಸಿಕ್ಕು ಪ್ರಾಣವನ್ನು ಕಳೆದುಕೊಳ್ಳುವ ಹುಡುಗರ ತಾಯಂದಿರಿಗೆ ಉತ್ತರವನ್ನು ಕೊಟ್ಟಂತೆಯೂ ಆಗುವದಿಲ್ಲ.

ಈಗಿನ ಸ್ಥಿತಿಯನ್ನು ನೋಡಿದರೆ ಕಲೆಯ ಅಧ್ಯಯನಕ್ಕೆ ಸಾಧನಗಳು ಹಿಂದೆಂದಿಗಿಂತ ಹೆಚ್ಚಾಗಿವೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. 2023ರ ಜನವರಿಯಲ್ಲಿ 86ನೆಯ ಕನ್ನಡ ಸಾಹಿತ್ಯ ಸಮ್ಮೇಲನವು ಹಾವೇರಿಯಲ್ಲಿಯೇ ನೆರೆಯಿತು. ಮೆರವಣಿಗೆಗಳಲ್ಲಿ ಡೊಳ್ಳಿಗೂ ಪುರವಂತಿಕೆಗೂ ಸ್ಥಾನವುಂಟು. ಆದರೆ ಮೆರವಣಿಗೆಯ ಡೊಳ್ಳು ಅರ್ಧ ತಾಸಿನದು. ಜಾತ್ರೆಯ ಡೊಳ್ಳು ಮೂರು ರಾತ್ರಿಯದು. ಕಲಾವಿದನಿಗೆ ಮೊದಲನೆಯದರಿಂದ ಪ್ರಮಾಣಪತ್ರವು, ಎರಡನೆಯದರಿಂದ ಜೋಳವು.

ಇಲ್ಲಿಯ ಸಂಶೋಧಕರು ಕೈಹಾಕಬೇಕಾದ ಎರಡು ಕೆಲಸಗಳನ್ನು ಸೂಚಿಸುವೆನು. ಒಂದು, ದೇವರಗುಡ್ಡದ ಕಾರ್ಣಿಕದ ನುಡಿಗಳನ್ನು ಸಿಕ್ಕಷ್ಟು ಹಿಂದಿನಿಂದ ವರ್ಷಾನುಕ್ರಮವಾಗಿ ಬರೆದಿಡುವದು. ನುಡಿಯ ಜತೆಗೆ ಆ ವರ್ಷ ಜನರು ಮಾಡಿದ ಅರ್ಥಗಳನ್ನೂ, ಅವು ಘಟನೆಗಿಂತ ಮೊದಲು ಮಾಡಿದವೋ ಆಮೇಲೆ ಮಾಡಿದವೋ ಎಂಬದನ್ನೂ ಗುರುತಿಸಬೇಕು. ಇಲ್ಲವಾದರೆ ಆ ಪಟ್ಟಿಯಿಂದ ಪ್ರಯೋಜನವಿಲ್ಲ. ಎರಡು, ನಾಟಕ ಮಂಡಳಿಗಳ ಹಸ್ತಪತ್ರಿಕೆಗಳನ್ನು ಕೂಡಿಸುವದು. ತೆಳುವಾದ ಬಣ್ಣದ ಕಾಗದದ ಮೇಲೆ ಅಚ್ಚಾದ ಅವುಗಳಲ್ಲಿ ಆಟದ ಹೆಸರು, ಊರು, ತಾರೀಖು, ಜಾತ್ರೆಯ ಹೆಸರು, ಟಿಕೀಟಿನ ದರ ಎಲ್ಲವೂ ಇರುವವು. ಪೇಟೆಯ ಅಡತಿ ಅಂಗಡಿಗಳ ಹಳೆಯ ಕೀರ್ದಿ ಖಾತೆಗಳಲ್ಲಿ ಜಾತ್ರೆಯ ವರ್ಗಣಿಯೂ ನಾಟಕದವರಿಗೆ ಕೊಟ್ಟ ಮುಂಗಡವೂ ಖರ್ಚಿಗೆ ಬಿದ್ದಿರಬೇಕು. ಆ ಎರಡನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದರೆ, ಯಾವ ಧಾರಣೆಯ ವರ್ಷ ಯಾವ ಮಂಡಳಿಯು ಬ್ಯಾಡಗಿಯಲ್ಲಿ ಎಷ್ಟು ದಿವಸ ನಿಂತಿತೆಂಬದು ತಾನಾಗಿ ತಿಳಿಯುವದು.